ನೆಲಕ್ಕೆ ಕಿವಿಗೊಟ್ಟವರು: ಅಣ್ವಸ್ತ್ರದ ಅಪಾಯ ಮತ್ತು ವಿಜ್ಞಾನಿಯ ಕೆಲಸ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ನನಗೆ ಜೂನಿಯರ್ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ದತ್ತಿಗೆ ತಮ್ಮ ಹೆಸರು ಬೇಡವೆಂದು ಬರೆದಿಟ್ಟು ಹೋದವರು. ಆ ಮಾತಿಗೆ ಗೌರವ ಕೊಟ್ಟು ನಾನೂ ಇಲ್ಲಿ ಹೆಸರು ಹೇಳುವುದಿಲ್ಲ. ಆದರೆ ಅವರು ಕಲಿಸಿದ ಒಂದು ಪಾಠವನ್ನು ನೆನೆಯದೆ ಈ ಉಪನ್ಯಾಸವನ್ನು ಶುರು ಮಾಡಲಾರೆ.

ಸರಳ ಲೋಲಕದ ಪ್ರಯೋಗ ನಿಮಗೆಲ್ಲ ಗೊತ್ತು. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಅದರ ಓಲಾಟದ ಹೊತ್ತನ್ನು ಎಣಿಸಿ, ಗುರುತ್ವ ವೇಗೋತ್ಕರ್ಷದ ಬೆಲೆ ಕಂಡುಹಿಡಿಯಬೇಕು. ಉತ್ತರ 9.8 ಬರಬೇಕೆಂದು ಕೊಠಡಿಗೆ ಹೋಗುವ ಮೊದಲೇ ನಮಗೆ ತಿಳಿದಿತ್ತು. ನನಗೆ ಬಂದದ್ದು 9.3. ಅಕ್ಕಪಕ್ಕ ನೋಡಿ 9.8 ಎಂದು ತಿದ್ದಿದೆ. ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನು ಬೆಳಕಿಗೆ ಹಿಡಿದು ಅಳಿಸಿದ ಗುರುತನ್ನು ನೋಡಿದರು. "ಇದು ಪುಸ್ತಕದ ಉತ್ತರ ಕಣಯ್ಯ. ನಿನಗೆ ಬಂದದ್ದು ಎಷ್ಟೋ ಅದನ್ನ ಬರಿ. ಅದರಲ್ಲಿ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋದನ್ನೂ ಪಕ್ಕದಲ್ಲೇ ಬರಿ. ಆಗ ನಿನ್ನ ಮಾತನ್ನ ಯಾರು ಬೇಕಾದರೂ ನಂಬಬಹುದು" ಎಂದರು.

ಅಣ್ವಸ್ತ್ರದ ಅಪಾಯವನ್ನು ತಗ್ಗಿಸುವುದರಲ್ಲಿ ವಿಜ್ಞಾನಿಗಳ ಪಾತ್ರವೇನು ಎಂಬ ಇಂದಿನ ವಿಷಯಕ್ಕೆ ನನ್ನ ಉತ್ತರ ಆ ಮಾತಿನಲ್ಲೇ ಇದೆ. ಪರಸ್ಪರ ನಂಬದ ದೇಶಗಳ ನಡುವೆ, ಇಬ್ಬರೂ ನಂಬಬಹುದಾದ ಒಂದು ಅಳತೆಯನ್ನು ಇಡುವುದು ವಿಜ್ಞಾನಿ ಮಾಡಬಹುದಾದ ದೊಡ್ಡ ಉಪಕಾರ. ಆ ಕೆಲಸ ಹೇಗೆ ನಡೆಯಿತು, ಅದರಲ್ಲಿ ನಮ್ಮ ಗೌರಿಬಿದನೂರಿನ ಬಂಡೆಗಳಿಗೂ ಹೇಗೆ ಪಾಲು ಬಂತು ಎಂಬುದನ್ನು ಹೇಳುತ್ತೇನೆ.

ವಿನಂತಿಯ ದಾರಿ

ಮೊದಲು ವಿಜ್ಞಾನಿಗಳು ಹಿಡಿದದ್ದು ವಿನಂತಿಯ ದಾರಿ. 1945ರ ಜೂನ್‌ನಲ್ಲಿ ಷಿಕಾಗೋದ ಪ್ರಯೋಗಾಲಯದಲ್ಲಿ ಜೇಮ್ಸ್ ಫ್ರಾಂಕ್ ನೇತೃತ್ವದ ಸಮಿತಿ ಒಂದು ವರದಿ ಕೊಟ್ಟಿತು. ಮುನ್ಸೂಚನೆಯಿಲ್ಲದೆ ಜಪಾನಿನ ಮೇಲೆ ಬಾಂಬು ಹಾಕಿದರೆ ಶಸ್ತ್ರಾಸ್ತ್ರಗಳ ಪೈಪೋಟಿಯನ್ನು ತಡೆಯಲಾಗದು ಎಂದು ಅದು ಎಚ್ಚರಿಸಿತು. ಜುಲೈನಲ್ಲಿ ಲಿಯೋ ಸಿಲಾರ್ಡ್ ಬರೆದ ಮನವಿಗೆ 70 ವಿಜ್ಞಾನಿಗಳು ಸಹಿ ಹಾಕಿದರು. ಆ ಕಾಗದ ಅಧ್ಯಕ್ಷ ಟ್ರೂಮನ್‌ರ ಕೈಗೆ ತಲುಪಲೇ ಇಲ್ಲ. ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ.

ಅದಕ್ಕೂ ಮೊದಲೇ ಒಬ್ಬ ಮನುಷ್ಯ ಎದ್ದು ಹೋಗಿದ್ದ. ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್. ಹಿಟ್ಲರನ ಕೈಗೆ ಬಾಂಬು ಮೊದಲು ಸಿಗಬಾರದೆಂದು ಅಮೆರಿಕ ಬಾಂಬು ಕಟ್ಟುತ್ತಿದ್ದ ಲಾಸ್ ಅಲಮಾಸ್‌ಗೆ ಬಂದಿದ್ದವರು, ಜರ್ಮನಿಯ ಬಳಿ ಅಂಥ ಬಾಂಬು ಇಲ್ಲವೆಂದು ಖಚಿತವಾದಾಗ, 1944ರ ಕೊನೆಯಲ್ಲಿ ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಪೋಲೆಂಡಿನಲ್ಲಿ ಉಳಿದುಹೋದ ಹೆಂಡತಿ ತೋಲಾ ನಾಜಿಗಳ ನರಮೇಧಕ್ಕೆ ಬಲಿಯಾಗಿದ್ದರು. ಹಿಟ್ಲರನ ಭಯವನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಅಂಥವರೇ ಬಾಂಬಿನ ಕೆಲಸವನ್ನು ಕೈಬಿಟ್ಟರು ಎಂಬುದು ನೆನಪಿನಲ್ಲಿರಲಿ. 1955ರ ಜುಲೈ 9ರಂದು ಲಂಡನ್ನಿನಲ್ಲಿ ಬರ್ಟ್ರಂಡ್ ರಸೆಲ್ ಓದಿದ ಘೋಷಣೆಗೆ ಐನ್‌ಸ್ಟೈನ್ ಜೊತೆ ರಾಟ್‌ಬ್ಲಾಟರ ಸಹಿಯೂ ಇತ್ತು. ಅದರಿಂದ ಹುಟ್ಟಿದ ಸಮ್ಮೇಳನ 1957ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಬೇಕಿತ್ತು. ಸೂಯೆಜ್ ಬಿಕ್ಕಟ್ಟಿನಿಂದ ಅದು ಮುಂದಕ್ಕೆ ಹೋಗಿ, ಜುಲೈನಲ್ಲಿ ಕೆನಡಾದ ಪಗ್‌ವಾಷ್ ಎಂಬ ಹಳ್ಳಿಯಲ್ಲಿ 22 ವಿಜ್ಞಾನಿಗಳು ಸೇರಿದರು.

ಈ ವಿನಂತಿಗಳು ವ್ಯರ್ಥವಾದವೆಂದು ನಾನು ಹೇಳುವುದಿಲ್ಲ. ಆದರೆ ವಿನಂತಿಯನ್ನು ಕೇಳಬಹುದು, ಬಿಡಬಹುದು. ಅದು ಅಧಿಕಾರದಲ್ಲಿರುವವರ ಮರ್ಜಿ. ಬಾಗಿಲು ತೆರೆಯುವಂತೆ ಮಾಡಿದ್ದು ಬೂದಿ ಮತ್ತು ಹಲ್ಲು.

ಬೂದಿ ಮತ್ತು ಹಲ್ಲು

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಬಾಂಬಿನ ಶಕ್ತಿ 15 ಮೆಗಾಟನ್. ಅದನ್ನು ಕಟ್ಟಿದವರೇ ಎಣಿಸಿದ್ದಕ್ಕಿಂತ ಎರಡೂವರೆ ಪಟ್ಟು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ 'ದಾಯಿಗೊ ಫುಕುರ್ಯು ಮಾರು' ದೋಣಿಯ 23 ಜನರ ಮೇಲೆ ಬಿಳಿ ಬೂದಿ ಮಳೆಯಂತೆ ಸುರಿಯಿತು. ಅವರಲ್ಲಿ ಐಕಿಚಿ ಕುಬೊಯಾಮ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಆ ಬಾಂಬಿನ ರಚನೆ ರಹಸ್ಯವಾಗಿತ್ತು. ಆದರೆ ಬೂದಿ ಜಪಾನಿನ ಬಂದರಿಗೆ ಬಂದಿತ್ತು. ಟೋಕಿಯೋ ವಿಶ್ವವಿದ್ಯಾಲಯದ ಕೆಂಜಿರೊ ಕಿಮುರ ತಂಡ ಅದನ್ನು ಬಿಡಿಸಿ ನೋಡಿದಾಗ ಯುರೇನಿಯಂ-237 ಸಿಕ್ಕಿತು. ಸಾಮಾನ್ಯ ಯುರೇನಿಯಂಗೆ ಅತಿವೇಗದ ನ್ಯೂಟ್ರಾನು ಬಡಿದಾಗ ಹುಟ್ಟುವ ವಸ್ತು ಅದು. ಇತ್ತ ರಾಟ್‌ಬ್ಲಾಟ್ ಜಪಾನಿನ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿ, ಈ ಬಾಂಬಿನ ಹೊರಕವಚವೂ ಯುರೇನಿಯಮ್ಮಿನದು, ಅದೂ ಸೀಳಿ ವಿಷ ಚೆಲ್ಲಿದೆ ಎಂದು ಹೊರಗೆಡವಿದರು.  ನೆಹರೂ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಲಿ ಎಂದು ಕೇಳಿದ್ದು 1954ರಲ್ಲೇ. ಅವರ ಕೋರಿಕೆಯ ಮೇರೆಗೆ ಡಿ. ಎಸ್. ಕೊಠಾರಿ ಸಿದ್ಧಪಡಿಸಿದ, ಪರಮಾಣು ಸ್ಫೋಟಗಳ ಪರಿಣಾಮ ಕುರಿತ ಪುಸ್ತಕ 1956ರಲ್ಲಿ ಹೊರಬಂತು. ಸರ್ಕಾರವೊಂದು ತನ್ನ ಪ್ರಜೆಗಳಿಗೆ ಭಯವನ್ನೂ ಅದರ ಲೆಕ್ಕವನ್ನೂ ಒಟ್ಟಿಗೇ ತಿಳಿಸಲು ಮಾಡಿದ ಆ ಪ್ರಯತ್ನವನ್ನು ನಾವು ಮರೆತಿದ್ದೇವೆ.

ಜಪಾನಿನ ಇನ್ನೊಬ್ಬರ ಹೆಸರನ್ನು ಇಲ್ಲಿರುವ ಹೆಣ್ಣುಮಕ್ಕಳು ಬರೆದುಕೊಳ್ಳಿ: ಕತ್ಸುಕೊ ಸರುಹಾಶಿ. ಕಡಲ ನೀರಿನಲ್ಲಿರುವ ಸೀಸಿಯಂ-137 ಎಂಬ ವಿಕಿರಣ ವಸ್ತುವನ್ನು ಅಳೆಯುತ್ತಿದ್ದ ರಸಾಯನ ವಿಜ್ಞಾನಿ. ಜಪಾನಿನ ಕಡೆಯ ನೀರಿನಲ್ಲಿ ಅಮೆರಿಕದ ಕರಾವಳಿಗಿಂತ ಬಹಳ ಹೆಚ್ಚು ಸೀಸಿಯಂ ಇದೆ ಎಂದು ಅವರು ಹೇಳಿದಾಗ, ಮಹಾಸಾಗರ ಎಲ್ಲವನ್ನೂ ತಿಳಿಯಾಗಿಸಿಬಿಡುತ್ತದೆ ಎನ್ನುತ್ತಿದ್ದವರು ಅವರ ಅಳತೆಯನ್ನೇ ಶಂಕಿಸಿದರು. ಸರುಹಾಶಿ ವಾದಕ್ಕೆ ನಿಲ್ಲಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಗೆ ಹೋಗಿ, ಅಲ್ಲಿನ ವಿಜ್ಞಾನಿಗಳ ಕಣ್ಣೆದುರಿಗೇ ಅದೇ ನೀರನ್ನು ತಮ್ಮ ಕ್ರಮದಲ್ಲಿ ಅಳೆದರು. ಅಲ್ಲಿನವರು ತಮ್ಮ ಕ್ರಮದಲ್ಲಿ ಅಳೆದರು. ಎರಡೂ ಉತ್ತರ ಒಂದಕ್ಕೊಂದು ಕೂಡಿಬಂದವು. ಅಲ್ಲಿಂದ ಮುಂದೆ ಆ ಅಂಕಿಯನ್ನು ಯಾರಿಗೂ ತಳ್ಳಿಹಾಕಲಾಗಲಿಲ್ಲ.

ಅದೇ ಹೊತ್ತಿಗೆ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ತಾಯಂದಿರು ಮಕ್ಕಳ ಹಾಲುಹಲ್ಲುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ನಮ್ಮ ಕಡೆ ಉದುರಿದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಅಲ್ಲಿ ಡಾ. ಲೂಯಿಸ್ ರೀಸ್ ಎಂಬ ವೈದ್ಯೆ, ಬ್ಯಾರಿ ಕಾಮನರ್ ಮೊದಲಾದವರ ಜೊತೆಗೂಡಿ ಅದನ್ನು ಪ್ರಯೋಗಾಲಯಕ್ಕೆ ತರಿಸಿದರು. ಕಾರಣ ಸ್ಟ್ರಾಂಷಿಯಂ-90. ಬಾಂಬಿನ ಬೂದಿ ಹುಲ್ಲಿಗೆ ಬೀಳುತ್ತದೆ, ಹಸು ಮೇಯುತ್ತದೆ, ಹಾಲು ಮಗುವಿನ ಹೊಟ್ಟೆಗೆ ಹೋಗುತ್ತದೆ. ದೇಹ ಅದನ್ನು ಸುಣ್ಣದ ಅಂಶವೆಂದೇ ತಿಳಿದು ಎಲುಬಿಗೂ ಹಲ್ಲಿಗೂ ಸೇರಿಸಿಕೊಳ್ಳುತ್ತದೆ. 1961ರಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು. ತಡವಾಗಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾಂಷಿಯಂ ಏರುತ್ತಾ ಬಂದಿತ್ತು. 1958ರ ಜನವರಿಯಲ್ಲೇ ಲೈನಸ್ ಪಾಲಿಂಗ್ ಮತ್ತು ಪತ್ನಿ ಏವಾ ಹೆಲೆನ್ ಸಾವಿರಾರು ವಿಜ್ಞಾನಿಗಳ ಸಹಿಯನ್ನು ವಿಶ್ವಸಂಸ್ಥೆಗೆ ಒಪ್ಪಿಸಿದ್ದರು. ಈಗ ಆ ಸಹಿಗಳ ಜೊತೆಗೆ ಹಲ್ಲುಗಳೂ ಸಾಕ್ಷಿ ಹೇಳಿದವು.

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಪರೀಕ್ಷೆ ನಿಷಿದ್ಧ. ಭಾರತವೂ ಅದೇ ತಿಂಗಳು ಸೇರಿತು. ಒಪ್ಪಂದ ಜಾರಿಗೆ ಬಂದ ಅಕ್ಟೋಬರ್ 10ರಂದೇ ಪಾಲಿಂಗರಿಗೆ ಶಾಂತಿಯ ನೊಬೆಲ್ ಘೋಷಣೆಯಾಯಿತು.

ನೆಲದೊಳಗಿನ ಪರೀಕ್ಷೆ ಮಾತ್ರ ಹೊರಗುಳಿಯಿತು.

ಏಳು ಮತ್ತು ಮೂರು

ಏಕೆ ಹೊರಗುಳಿಯಿತು? ನೆಲದೊಳಗೆ ಸಿಡಿಸಿದ್ದು ಬಾಂಬೋ, ಅಲ್ಲಿ ಆದದ್ದು ಭೂಕಂಪವೋ ಎಂದು ದೂರದಿಂದ ಹೇಳಲು ಸಾಧ್ಯವೇ ಎಂಬ ಪ್ರಶ್ನೆಗೆ ಖಚಿತ ಉತ್ತರ ಇರಲಿಲ್ಲ. ಅನುಮಾನ ಬಂದಾಗ ಸ್ಥಳಕ್ಕೆ ಹೋಗಿ ನೋಡಬೇಕೆಂದು ಅಮೆರಿಕ ಹೇಳಿತು. ವರ್ಷಕ್ಕೆ ಏಳು ತಪಾಸಣೆಯವರೆಗೆ ಇಳಿಯಿತು. ತಪಾಸಣೆ ಎಂದರೆ ಬೇಹುಗಾರಿಕೆ ಎಂದು ಸೋವಿಯತ್ ಒಕ್ಕೂಟ ಹೇಳಿತು; ಮೂರರವರೆಗೆ ಬಂದು ನಿಂತಿತು. ಏಳಕ್ಕೂ ಮೂರಕ್ಕೂ ನಡುವಿನ ನಾಲ್ಕರಲ್ಲಿ ಪೂರ್ಣ ನಿಷೇಧ ಬಿದ್ದುಹೋಯಿತು. ಅದರ ನಂತರದ ಮೂರು ದಶಕಗಳಲ್ಲಿ ಭೂಮಿಯೊಳಗೆ ಸಾವಿರಕ್ಕೂ ಹೆಚ್ಚು ಬಾಂಬುಗಳು ಸಿಡಿದವು.

ಈ ಗೊಂದಲದಲ್ಲಿ ನನ್ನನ್ನು ಬಹಳ ಕಾಡಿದ ಎರಡು ಪ್ರಸಂಗಗಳಿವೆ. ನೆವಾಡಾದಲ್ಲಿ 1957ರ ಸೆಪ್ಟೆಂಬರ್ 19ರಂದು 'ರೇನಿಯರ್' ಎಂಬ ಭೂಗತ ಪರೀಕ್ಷೆ ನಡೆಯಿತು. ಅದರ ಕಂಪನ 250 ಮೈಲಿಗಿಂತ ಆಚೆ ಕೇಳಿಸಲಿಲ್ಲವೆಂದು ಅಲ್ಲಿನ ಪರಮಾಣು ಶಕ್ತಿ ಆಯೋಗ ಪ್ರಕಟಿಸಿತು. ಅಂದರೆ ಕದ್ದು ಸಿಡಿಸಿದರೆ ಗೊತ್ತಾಗುವುದಿಲ್ಲ, ನಿಷೇಧದಿಂದ ಪ್ರಯೋಜನವಿಲ್ಲ ಎಂದಾಯಿತು. ಐ. ಎಫ್. ಸ್ಟೋನ್ ಎಂಬ ಪತ್ರಕರ್ತ ಸರ್ಕಾರದ್ದೇ ಭೂಕಂಪ ವಿಭಾಗಕ್ಕೆ ಹೋಗಿ ವಿಚಾರಿಸಿದರು. ಅಲ್ಲಿನ ವಿಜ್ಞಾನಿಗಳು ದಾಖಲೆ ತೆಗೆದು ತೋರಿಸಿದರು: 2,300 ಮೈಲಿ ದೂರದ ಅಲಾಸ್ಕಾದಲ್ಲೂ ಆ ಕಂಪನ ದಾಖಲಾಗಿತ್ತು. ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಎರಡನೆಯದು ಇದಕ್ಕೆ ತಿರುಗುಮುರುಗು. 1958ರ ಬೇಸಿಗೆಯಲ್ಲಿ ಜಿನೀವಾದಲ್ಲಿ ಎರಡೂ ಬಣದ ತಜ್ಞರು ಕೂತು, ಸುಮಾರು 170 ಭೂಕೇಂದ್ರಗಳಿದ್ದರೆ ಕಳ್ಳ ಪರೀಕ್ಷೆ ಹಿಡಿಯಬಹುದೆಂದು ಒಪ್ಪಿದರು. ಅದೇ ವರ್ಷದ ಕೊನೆಯ ಪರೀಕ್ಷೆಗಳ ಅಂಕಿಗಳು ಬಂದಾಗ, ಆ ಅಂದಾಜು ತುಸು ಹೆಚ್ಚೇ ಆಶಾವಾದಿ ಎಂದು ಅಮೆರಿಕದ ವಿಜ್ಞಾನಿಗಳಿಗೆ ಕಂಡಿತು. ಅವರು ಅದನ್ನು ಮುಚ್ಚಿಡಲಿಲ್ಲ. ಕೊಟ್ಟ ಮಾತಿಗೆ ತಪ್ಪಿದರೆಂದು ಸೋವಿಯತ್ ಪಕ್ಷ ಸಿಟ್ಟಾಯಿತು. ಬಾಂಬು ಬೇಕೆನ್ನುವವರು ಅದನ್ನು ಬಳಸಿಕೊಂಡರು. ಹೀಗೆ ನಿಜ ಹೇಳಿದ್ದರಿಂದ ಶಾಂತಿಗೆ ಕೆಲವು ಕಾಲ ನಷ್ಟವೇ ಆಯಿತು. ಆದರೂ ಅವರು 9.3 ಅನ್ನು 9.8 ಎಂದು ತಿದ್ದಿದ್ದರೆ, ಮುಂದೆ ಯಾವ ಅಳತೆಗೂ ಬೆಲೆ ಉಳಿಯುತ್ತಿರಲಿಲ್ಲ. ತಮ್ಮ ಅರಿವು ಸಾಲದೆಂದು ಒಪ್ಪಿದ ಮೇಲೆ ಅರಿವನ್ನು ಬೆಳೆಸುವ ಕೆಲಸಕ್ಕೆ ಕೈಹಾಕಿದರು. ಜಗತ್ತಿನಾದ್ಯಂತ ಒಂದೇ ಬಗೆಯ ನೂರಕ್ಕೂ ಹೆಚ್ಚು ಭೂಕಂಪಮಾಪಕ ಕೇಂದ್ರಗಳು ಎದ್ದವು. ಭೂಫಲಕಗಳ ಅಂಚುಗಳು ಭೂಪಟದ ಮೇಲೆ ಸ್ಪಷ್ಟವಾಗಿ ಮೂಡಿದ್ದು ಆ ಕೇಂದ್ರಗಳ ದಾಖಲೆಗಳಿಂದಲೇ.

ಗೌರಿಬಿದನೂರಿನ ಇಪ್ಪತ್ತು ಕಿವಿಗಳು

ಗೌರಿಬಿದನೂರು ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕಿದೆ. ರೈಲು ಬರುತ್ತದೆಯೇ ಎಂದು ತಿಳಿಯಲು ಹಳಿಗೆ ಕಿವಿಯಿಟ್ಟು ಹಿರಿಯರಿಂದ ಬೈಸಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ಕಣ್ಣಿಗೆ ಕಾಣುವ ಮೊದಲೇ ರೈಲಿನ ಸದ್ದು ಉಕ್ಕಿನೊಳಗೆ ಬರುತ್ತದೆ. ಅದೇ ಕೆಲಸಕ್ಕೆ ಗೌರಿಬಿದನೂರಿನ ಬಂಡೆಯನ್ನು ಆರಿಸಿಕೊಂಡರು. ದಕ್ಷಿಣ ಪ್ರಸ್ಥಭೂಮಿಯ ಈ ಹಳೆಯ ಶಿಲೆ ಗಟ್ಟಿ, ನಿಶ್ಶಬ್ದ. ದೂರದ ಕಂಪನವನ್ನು ಕೆಡಿಸದೆ ತಂದುಕೊಡುತ್ತದೆ.

1965ರಲ್ಲಿ ನಮ್ಮ ಪರಮಾಣು ಶಕ್ತಿ ಸಂಸ್ಥೆ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಇಲ್ಲಿ ಕಂಪನಮಾಪಕಗಳ ಸಾಲೊಂದನ್ನು ಹೂಡಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗ ಇದರ ಒಡಹುಟ್ಟುಗಳು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಎರಡು ತೋಳು, ಒಂದೊಂದೂ 20 ಕಿಲೋಮೀಟರಿಗಿಂತ ಉದ್ದ; ತೋಳಿಗೆ ಹತ್ತರಂತೆ 20 ಮಾಪಕಗಳು.

ಒಂದು ಸಾಲದೇ, ಇಪ್ಪತ್ತು ಏಕೆ? ಸಂತೆಯ ಗದ್ದಲದಲ್ಲಿ ಒಬ್ಬ ಹಾಡಿದರೆ ಕೇಳುವುದಿಲ್ಲ. ಇಪ್ಪತ್ತು ಜನ ಒಂದೇ ತಾಳಕ್ಕೆ ಭಜನೆ ಹಾಡಿದರೆ ಗದ್ದಲವನ್ನು ಮೀರಿ ಕೇಳುತ್ತದೆ. ದೂರದ ಅಲೆ ಮೊದಲು ಒಂದು ಮಾಪಕವನ್ನು ಮುಟ್ಟುತ್ತದೆ, ಆಮೇಲೆ ಇನ್ನೊಂದನ್ನು. ಆ ತಡವನ್ನು ಸರಿದೂಗಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿದರೆ ಅಲೆ ಎದ್ದು ಕಾಣುತ್ತದೆ. ಗಾಳಿ, ಲಾರಿ, ಪಂಪ್‌ಸೆಟ್ಟುಗಳ ಸ್ಥಳೀಯ ನಡುಕಕ್ಕೆ ತಾಳವಿಲ್ಲದ್ದರಿಂದ ಅದು ಹಿಂದೆ ಸರಿಯುತ್ತದೆ. ತಡದ ಲೆಕ್ಕದಿಂದಲೇ ಅಲೆ ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುತ್ತದೆ.

ಬಾಂಬನ್ನೂ ಭೂಕಂಪವನ್ನೂ ಬೇರೆ ಮಾಡುವ ಬಗೆ ಇನ್ನೂ ಸೊಗಸಾದದ್ದು. ಬಾಂಬು, ಬಾಣಲೆಯಲ್ಲಿ ಜೋಳ ಅರಳಿದ ಹಾಗೆ ಎಲ್ಲ ದಿಕ್ಕಿಗೂ ಹೊರಕ್ಕೆ ನೂಕುತ್ತದೆ. ಭೂಕಂಪ, ಕಚ್ಚಿಕೊಂಡಿದ್ದ ಬೀಸುವ ಕಲ್ಲು ತಟ್ಟನೆ ಜಾರಿದ ಹಾಗೆ. ಒಂದು ದಿಕ್ಕಿಗೆ ನೂಕುತ್ತದೆ, ಇನ್ನೊಂದು ದಿಕ್ಕಿನಿಂದ ಎಳೆಯುತ್ತದೆ. ಅಲ್ಲದೆ ಭೂಕಂಪ ನೆಲದ ಮೇಲ್ಮೈ ಉದ್ದಕ್ಕೂ ನಿಧಾನದ ದೊಡ್ಡ ಅಲೆಗಳನ್ನು ಎಬ್ಬಿಸುತ್ತದೆ. ಬಾಂಬಿನಲ್ಲಿ ಒಳಗಿನಿಂದ ಬರುವ ಚುರುಕು ಅಲೆ ಜೋರು, ಮೇಲ್ಮೈ ಅಲೆ ಸಣ್ಣದು. ಈ ಎರಡರ ಪ್ರಮಾಣವನ್ನು ಪಕ್ಕಪಕ್ಕ ಇಟ್ಟರೆ ಬಹಳಷ್ಟು ಅನುಮಾನ ಅಲ್ಲೇ ಹರಿಯುತ್ತದೆ.

ನಮ್ಮ ದೇಶದಲ್ಲಿ ಕಿವಿಯನ್ನು ಕಟ್ಟಿದ ಸಂಸ್ಥೆಯೇ ಬಾಂಬನ್ನೂ ಕಟ್ಟಿತು. 1974ರಲ್ಲಿ, 1998ರಲ್ಲಿ ಪೋಖರಣ್ ಕಂಪಿಸಿದ್ದು ಅದೇ ಸಂಸ್ಥೆಯ ವಿಜ್ಞಾನಿಗಳ ಕೆಲಸ. ಬ್ರಿಟನ್ನಿನಲ್ಲೂ ಹೀಗೆಯೇ. ಇದನ್ನು ನಾನು ಮರೆಮಾಚುವುದಿಲ್ಲ. ವಿಜ್ಞಾನಿಗಳು ಕೈ ತೊಳೆದುಕೊಂಡ ಸಂತರೆಂದು ಹೇಳಲು ಬಂದಿಲ್ಲ. ಕಟ್ಟಿದ ಕೈಗೆ ಕಾಯುವ ಹೊಣೆಯೂ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಕರ್ಕರಾಲಿನ್ಸ್ಕ್, 1986

ಆ ಹೊಣೆಯನ್ನು ಹೊತ್ತವರ ಒಂದು ಕಥೆ. 1985ರ ಆಗಸ್ಟ್ 6ರಿಂದ ಗೋರ್ಬಚೇವ್ ಪರೀಕ್ಷೆ ನಿಲ್ಲಿಸಿದ್ದರು. ಪರಿಶೀಲಿಸಲು ಸಾಧ್ಯವಿಲ್ಲವೆಂದು ಅಮೆರಿಕ ಸರ್ಕಾರ ಜೊತೆಗೂಡಲಿಲ್ಲ. 1986ರ ಮೇ ತಿಂಗಳಲ್ಲಿ ಅಮೆರಿಕದ ಪರಿಸರ ಸಂಘಟನೆಯೊಂದರ ಭೌತವಿಜ್ಞಾನಿ ಥಾಮಸ್ ಕಾಕ್ರನ್ ಮತ್ತು ಸಂಗಡಿಗರು, ಸೋವಿಯತ್ ವಿಜ್ಞಾನ ಅಕಾಡೆಮಿಯ ಉಪಾಧ್ಯಕ್ಷ ಎವ್ಗೆನಿ ವೆಲಿಖೋವ್ ಜೊತೆ ಮಾಸ್ಕೋದಲ್ಲಿ ಕೂತು ಒಂದು ಕರಾರು ಮಾಡಿಕೊಂಡರು. ಸೋವಿಯತ್ ಪರೀಕ್ಷಾ ನೆಲೆ ಸೆಮಿಪಲಟಿನ್ಸ್ಕ್ ಸುತ್ತ ಅಮೆರಿಕದ ವಿಜ್ಞಾನಿಗಳು ಕಂಪನಮಾಪಕ ಇಡಬಹುದು. ನೆವಾಡಾ ಸುತ್ತ ಸೋವಿಯತ್ ವಿಜ್ಞಾನಿಗಳು ಇಡಬಹುದು. ಎರಡು ಸರ್ಕಾರಗಳು ಮೂರು ದಶಕ ಜಗಳವಾಡಿ ಮಾಡಲಾಗದ್ದನ್ನು ಇವರು ಕೆಲವೇ ವಾರಗಳಲ್ಲಿ ಮಾಡಿದರು. ಜುಲೈನಲ್ಲಿ ಕಜಾಕ್‌ಸ್ತಾನದ ಕರ್ಕರಾಲಿನ್ಸ್ಕ್ ಎಂಬಲ್ಲಿ ಮೊದಲ ಮಾಪಕ ಬರೆಯತೊಡಗಿತು.

ಅಲ್ಲಿನ ಶಿಲೆಯೂ ನಿಶ್ಶಬ್ದ. ಸಣ್ಣ ಸ್ಫೋಟಗಳನ್ನೂ ತಾವೆಣಿಸಿದ್ದಕ್ಕಿಂತ ಚೆನ್ನಾಗಿ ಹಿಡಿಯಬಹುದೆಂದು ತಿಳಿಯಿತು. 1987ರಲ್ಲಿ ಸೋವಿಯತ್ ಪರೀಕ್ಷೆ ಮತ್ತೆ ಶುರುವಾದಾಗ, ಬಾಂಬು ಸಿಡಿಸುವ ಹೊತ್ತಿಗೆ ಮಾಪಕಗಳನ್ನು ನಿಲ್ಲಿಸಬೇಕಾದ ಕಟ್ಟುಪಾಡೂ ಬಂತು. ಆದರೂ 'ಸಾಧ್ಯವಿಲ್ಲ' ಎಂಬ ಮಾತಿನ ಬುಡ ಅಲುಗಿತ್ತು. 1988ರಲ್ಲಿ ಸರ್ಕಾರಗಳೇ ಒಬ್ಬರ ನೆಲೆಗೆ ಒಬ್ಬರು ಹೋಗಿ ಅಳೆದವು. 1991ರ ಆಗಸ್ಟ್ 29ರಂದು ಸೆಮಿಪಲಟಿನ್ಸ್ಕ್ ಮುಚ್ಚಿತು.

ಈಗ ಎಲ್ಲಿದ್ದೇವೆ

1996ರ ಸೆಪ್ಟೆಂಬರ್ 24ರಂದು ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ ಸಹಿಗೆ ತೆರೆಯಿತು. ಅದರ ಕಾವಲು ಜಾಲದ ಲೆಕ್ಕ 337 ನೆಲೆಗಳು: ನೆಲದ ಕಂಪನಕ್ಕೆ 170, ಕಡಲ ಸದ್ದಿಗೆ 11, ಕಿವಿಗೆ ಕೇಳದ ಗಾಳಿಯ ಸದ್ದಿಗೆ 60, ವಿಕಿರಣದ ಕಣಗಳಿಗೆ 80, ಜೊತೆಗೆ 16 ಪ್ರಯೋಗಾಲಯ. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ಸಿಡಿಸಿದ ಮೊದಲ ಬಾಂಬು ಒಂದು ಕಿಲೋಟನ್‌ಗಿಂತ ಚಿಕ್ಕದು. ಕಂಪನ ಕೂಡಲೇ ಸಿಕ್ಕಿತು. ಸುಮಾರು ಎರಡು ವಾರದ ಮೇಲೆ ಪೆಸಿಫಿಕ್ ದಾಟಿ ಬಂದ ಜೆನಾನ್ ಅನಿಲದ ಸುಳಿವನ್ನು ಹಿಡಿದದ್ದು ಕೆನಡಾದ ಯೆಲ್ಲೊನೈಫ್, ನಮ್ಮ ಗೌರಿಬಿದನೂರಿನ ಒಡಹುಟ್ಟು ಇರುವ ಅದೇ ಊರು.

ಅಂದರೆ 1963ರ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟಿದೆ. ಒಪ್ಪಂದ ಮಾತ್ರ ಇನ್ನೂ ಜಾರಿಗೆ ಬಂದಿಲ್ಲ. ಅದಕ್ಕೆ ಬೇಕಾದ 44 ದೇಶಗಳಲ್ಲಿ ಅಮೆರಿಕ, ಚೀನಾ ಸಹಿ ಹಾಕಿಯೂ ಅನುಮೋದಿಸಿಲ್ಲ. ರಷ್ಯಾ 2023ರಲ್ಲಿ ಅನುಮೋದನೆಯನ್ನು ಹಿಂತೆಗೆದುಕೊಂಡಿತು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಸಿಡಿತಲೆಗಳು 1986ರಲ್ಲಿ ಸುಮಾರು 70,000 ಇದ್ದದ್ದು ಈಗ ಸುಮಾರು 12,000ಕ್ಕೆ ಇಳಿದಿವೆ. ಒಬ್ಬರ ನೆಲೆಗೆ ಒಬ್ಬರು ಹೋಗಿ ಎಣಿಸಿ ನೋಡುವ ಪದ್ಧತಿ ಇಲ್ಲದಿದ್ದರೆ ಆ ಇಳಿಕೆಯನ್ನು ಯಾರೂ ನಂಬುತ್ತಿರಲಿಲ್ಲ. ಈಗ ಆ ಪದ್ಧತಿಯೇ ಬಿದ್ದಿದೆ. ಅಮೆರಿಕ–ರಷ್ಯಾ ನಡುವಿನ ತಪಾಸಣೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ನಿಂತದ್ದು ಮತ್ತೆ ಶುರುವಾಗಲಿಲ್ಲ. 2023ರಲ್ಲಿ ರಷ್ಯಾ ಆ ತಪಾಸಣೆಗೆ ಆಧಾರವಾಗಿದ್ದ ಒಪ್ಪಂದದ ಪಾಲನೆಯನ್ನು ಅಮಾನತಿನಲ್ಲಿಟ್ಟಿತು. ಎಣಿಕೆ ನಿಂತ ಕಡೆ ಊಹೆ ಬೆಳೆಯುತ್ತದೆ, ಊಹೆಯಿಂದ ಭಯ, ಭಯದಿಂದ ಮತ್ತಷ್ಟು ಬಾಂಬು.

ಅಸ್ತ್ರವುಳ್ಳ ದೇಶಗಳು ತಮ್ಮದನ್ನು ಬಿಡದೆ ಉಳಿದವರಿಗೆ ಬೇಡವೆನ್ನುವುದು ನ್ಯಾಯವಲ್ಲವೆಂದು 1996ರಲ್ಲಿ ಭಾರತ ಹೇಳಿತು. ಆ ಮಾತಿನಲ್ಲಿ ಸತ್ಯವಿದೆ. 1998ರ ನಂತರ ನಾವು ನಾವಾಗಿಯೇ ಪರೀಕ್ಷೆ ನಿಲ್ಲಿಸಿದ್ದೇವೆ, ಅದೂ ಸತ್ಯ. ಆದರೆ 337 ನೆಲೆಗಳ ಆ ಜಾಲದಲ್ಲಿ ನಮ್ಮ ನೆಲದ ಒಂದು ನೆಲೆಯೂ ಇಲ್ಲವೆಂಬುದು ನನಗೆ ನೋವಿನ ಸಂಗತಿ. ಸಹಿಯ ವಿಚಾರ ರಾಜಕಾರಣಿಗಳಿಗಿರಲಿ. ಕಂಪನದ ದಾಖಲೆಯನ್ನು ನೆರೆಹೊರೆಯ ವಿಜ್ಞಾನಿಗಳೊಂದಿಗೆ ಹಂಚಿಕೊಳ್ಳುವುದಕ್ಕೆ ಸಹಿ ಬೇಕಿಲ್ಲ ಎಂದು ಕರ್ಕರಾಲಿನ್ಸ್ಕ್ ತೋರಿಸಿದೆ. ನಮ್ಮ ಗಡಿಯ ಎರಡೂ ಬದಿಯ ಭೂಕಂಪ ವಿಜ್ಞಾನಿಗಳು ಒಂದೇ ದಾಖಲೆಯನ್ನು ಮುಂದಿಟ್ಟುಕೊಂಡು ಕೂರುವ ದಿನ ಬರಲಿ. ಹಾಗೆ ಆಗಲೆಂದು ಕೇಳುವುದು ಇಲ್ಲಿ ಕೂತಿರುವ ನಮ್ಮ ಹಕ್ಕೂ ಹೌದು.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಹೆಚ್ಚಿನವರು ಬಾಂಬಿನ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಎಲ್ಲರೂ ಏನನ್ನಾದರೂ ಅಳೆಯುತ್ತೀರಿ: ನೀರನ್ನು, ಗಾಳಿಯನ್ನು, ರಕ್ತವನ್ನು, ಜನರ ಲೆಕ್ಕವನ್ನು. ಎಲ್ಲಾ ಕಡೆ ಯಾರೋ ಒಬ್ಬರಿಗೆ 9.8 ಬೇಕಾಗಿರುತ್ತದೆ. ಸರುಹಾಶಿಯವರಿಗೂ, ರೇನಿಯರ್ ದಾಖಲೆ ತೆಗೆದು ತೋರಿಸಿದ ಆ ಭೂಕಂಪ ವಿಜ್ಞಾನಿಗಳಿಗೂ ಅಂಥ ಒತ್ತಡವಿತ್ತು. ಅವರು ಮಣಿಯಲಿಲ್ಲ.

ನನ್ನ ಆ ಹಳೆಯ ರೆಕಾರ್ಡ್ ಪುಸ್ತಕ ಇನ್ನೂ ನನ್ನ ಬಳಿ ಇದೆ. ಅಳಿಸಿದ ಗುರುತಿನ ಕೆಳಗೆ ಮೇಷ್ಟ್ರು ನನ್ನಿಂದಲೇ ಮತ್ತೆ ಬರೆಸಿದ 9.3 ಇದೆ, ಅದರ ಪಕ್ಕದಲ್ಲಿ ಎಷ್ಟು ತಪ್ಪಿರಬಹುದೆಂಬ ನನ್ನ ಅಂದಾಜು, ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವರ ಸರಿ ಗುರುತು. ಆ ಗುರುತಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.